ಎರ್ಗಾಶನ ಇಪ್ಪತ್ತೆಂಟು

ಎರ್ಗಾಶನಿಗೆ ಸಿಟ್ಟು ಬರಲು ಕಾರಣ ಬೇಕಾಗಿರಲಿಲ್ಲ. ಚಹಾ ಬಿಸಿಯಾಗಿದ್ದರೆ ಬಿಸಿಯಾಗಿದೆ ಎಂದು, ಆರಿದ್ದರೆ ಆರಿದೆ ಎಂದು, ಹದವಾಗಿದ್ದರೆ ಇವತ್ತೇನು ವಿಶೇಷ, ಯಾರನ್ನು ಮೆಚ್ಚಿಸಲು ಹೀಗೆ ಮಾಡಿದ್ದು ಎಂದು ಸಿಟ್ಟು ಬರುತ್ತಿತ್ತು. ಮರ್ಗಿಲಾನ್ ಎಂಬ ರೇಷ್ಮೆಯ ಊರಿನ ಆ ಮೊಹಲ್ಲಾದಲ್ಲಿ ಜನ ಅವನ ಗಂಟಲು ಕೇಳಿಯೇ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು: ಏಳು ಗಂಟೆಗೆ ನಲ್ಲಿಯ ಮೇಲೆ, ಏಳೂವರೆಗೆ ತಂದೂರಿನಿಂದ ಬಂದ ನಾನ್ ಮೇಲೆ, ಎಂಟಕ್ಕೆ ಬೀದಿಗೆ ಅಡ್ಡ ನಿಂತ ಯಾರದೋ ಕಾರಿನ ಮೇಲೆ. ಹೀಗೆ ಕಾರಣವಿಲ್ಲದೆಯೇ ಇಷ್ಟು ವರ್ಷ ದುಡಿದ ಸಿಟ್ಟಿಗೆ ಏಪ್ರಿಲ್ ತಿಂಗಳ ಒಂದು ಮಂಗಳವಾರ ನಿಜವಾದ ಕಾರಣವೇ ಸಿಕ್ಕಿಬಿಟ್ಟಿತು. ಐವತ್ತೊಂದು ವರ್ಷದವನೂ, ರೇಷ್ಮೆಗೆ ಬಣ್ಣ ಹಾಕುವುದರಲ್ಲಿ ಊರಿಗೇ ಹೆಸರಾದವನೂ, ಮೂರು ಹೆಣ್ಣುಮಕ್ಕಳ ತಂದೆಯೂ ಆದ ಎರ್ಗಾಶ್ ಅಂದು ಹತ್ತನೆಯ ತರಗತಿಯ ಲೆಕ್ಕದಲ್ಲಿ ಫೇಲಾದ.

ಇದಕ್ಕೆ ಮೂಲ ಅವನ ಬಾಯಿ. ಹಿಂದಿನ ವಾರ ಶಾಲೆಯಲ್ಲಿ ತಂದೆತಾಯಿಯರ ಸಭೆ ನಡೆದಾಗ ಹೆಡ್‌ಮೇಷ್ಟ್ರು ಮಿರ್ಜಾವಲಿ, ಎರ್ಗಾಶನ ಕಿರಿಯ ಮಗಳು ನಫೀಸಾ ಲೆಕ್ಕದಲ್ಲಿ ಬಹಳ ಮುಂದಿದ್ದಾಳೆ ಎಂದು ಹೊಗಳಿದ್ದರು. ಸುಮ್ಮನೆ ತಲೆ ಬಾಗಿಸಿ ಕೂತಿದ್ದರೆ ಆಗಿತ್ತು. ಎರ್ಗಾಶ್ ಎದ್ದು ನಿಂತು, ಮನೆಯಲ್ಲಿ ತಾನೇ ಹೇಳಿಕೊಡುವುದು ಎಂದುಬಿಟ್ಟ. ಆ ಮಾತು ಅವನಿಗಿಂತ ಮೊದಲೇ ಚಾಯ್‌ಖಾನಾ ತಲುಪಿತ್ತು. ಅಲ್ಲಿದ್ದವರು ಅವನಿಗೆ ದಿವಾನದ ಮೇಲಿನ ಒಳ್ಳೆಯ ಜಾಗ ಬಿಟ್ಟುಕೊಟ್ಟು, ಲೆಕ್ಕದ ಪಂಡಿತರು ಬಂದರು ಎಂದು ಮೊದಲ ಬಟ್ಟಲು ಚಹಾ ಕೊಟ್ಟರು. ಮರ್ಯಾದೆ ಸಿಕ್ಕಿದ ಮೇಲೆ ಅದನ್ನು ಉಳಿಸಿಕೊಳ್ಳಲೇಬೇಕಲ್ಲ. ಸೋಮವಾರ ಸಂಜೆ ನಫೀಸಾ ಪುಸ್ತಕ ತೆಗೆದದ್ದೇ ತಡ, ಎರ್ಗಾಶ್ ಅವಳ ಕೈಯಿಂದ ಪೆನ್ನು ಕಿತ್ತುಕೊಂಡ.

ಪಾಠ ಫಲನಗಳದ್ದು. ಫಲನವೆಂದರೆ ಬೇರೇನಲ್ಲ, ಒಂದು ಸಂಖ್ಯೆ ಕೊಟ್ಟರೆ ಅದಕ್ಕೆ ಏನೋ ಮಾಡಿ ಇನ್ನೊಂದು ಸಂಖ್ಯೆ ಹಿಂದಿರುಗಿಸುವ ವಿಧಾನ. ಪುಸ್ತಕದ ಮೊದಲ ಲೆಕ್ಕದಲ್ಲಿ ಎಫ್ ಎಂಬುದು ಕೊಟ್ಟ ಸಂಖ್ಯೆಯನ್ನು ಎರಡರಿಂದ ಗುಣಿಸಿ ಮೂರು ಸೇರಿಸುತ್ತಿತ್ತು. ಜಿ ಎಂಬುದು ಕೊಟ್ಟ ಸಂಖ್ಯೆಯನ್ನು ಅದರಿಂದಲೇ ಗುಣಿಸುತ್ತಿತ್ತು. ಎಡಗಡೆ ಎಫ್, ಬಲಗಡೆ ಜಿ, ನಡುವೆ ಒಂದು ಸಣ್ಣ ಸೊನ್ನೆ. ಎಲ್ಲಕ್ಕೂ ಬಲಕ್ಕೆ ಕೊಟ್ಟ ಸಂಖ್ಯೆ, ಎರಡು. ಉತ್ತರ ಎಷ್ಟು ಎಂದು ಪ್ರಶ್ನೆ.

ಎರ್ಗಾಶ್ ಆ ಸೊನ್ನೆಯನ್ನು ಬೆಳಕಿಗೆ ಹಿಡಿದು ನೋಡಿದ. ತನ್ನ ಕಾಲದಲ್ಲಿ ಗುಣಾಕಾರಕ್ಕೆ ನಡುವೆ ಚುಕ್ಕಿ ಇಡುತ್ತಿದ್ದರು ಎಂಬುದು ಅವನಿಗೆ ನೆನಪಿತ್ತು. ಈಗಿನ ಅಚ್ಚಿನವರು ಚುಕ್ಕಿ ಇಡಲು ಹೋಗಿ ಅದರ ಹೊಟ್ಟೆ ತುಂಬಿಸುವುದನ್ನು ಮರೆತಿದ್ದಾರೆ ಎಂದು ತೀರ್ಮಾನಿಸಿ ಅಚ್ಚಿನವರನ್ನು ಐದು ನಿಮಿಷ ಬೈದ. ಆಮೇಲೆ ಅಧ್ಯಾಯದಲ್ಲಿದ್ದ ಸೊನ್ನೆಗಳನ್ನೆಲ್ಲ ಪೆನ್ನಿನಿಂದ ತುಂಬಿ ಚುಕ್ಕಿ ಮಾಡಿದ. ಎರಡಕ್ಕೆ ಎಫ್ ಕೊಡುವುದು ಏಳು, ಜಿ ಕೊಡುವುದು ನಾಲ್ಕು, ಏಳು ನಾಲ್ಕಲೆ ಇಪ್ಪತ್ತೆಂಟು. ಹತ್ತು ಲೆಕ್ಕಗಳನ್ನು ಇಪ್ಪತ್ತು ನಿಮಿಷದಲ್ಲಿ ತನ್ನ ದಪ್ಪ ಅಕ್ಷರದಲ್ಲಿ ಮಗಳ ನೋಟ್‌ಬುಕ್ಕಿನಲ್ಲೇ ಬರೆದು ಮುಗಿಸಿ, ಇಷ್ಟೇ ತಾನೆ ಎಂದು ಎದ್ದ.

ಮಂಗಳವಾರ ನೋಟ್‌ಬುಕ್ ಮನೆಗೆ ಬಂತು. ಐದಕ್ಕೆ ಎರಡು, ಅಂದರೆ ಫೇಲು. ಅದರ ಕೆಳಗೆ ಕೆಂಪು ಶಾಯಿಯಲ್ಲಿ, ಸೊನ್ನೆ ಎಂದರೆ ಗುಣಾಕಾರವಲ್ಲ, ಇದನ್ನು ಮಾಡಿದವರು ಅಧ್ಯಾಯವನ್ನು ಮೊದಲಿನಿಂದ ಓದತಕ್ಕದ್ದು ಎಂದು ಬರೆದು ಬರ್ನೊ ಟೀಚರ್ ಸಹಿ ಮಾಡಿದ್ದಳು. ಬರ್ನೊ ಆ ವರ್ಷವಷ್ಟೇ ಕೆಲಸಕ್ಕೆ ಸೇರಿದ ಇಪ್ಪತ್ತಮೂರು ವರ್ಷದ ಹುಡುಗಿ.

ಎರ್ಗಾಶನನ್ನು ಕೆರಳಿಸಿದ್ದು ಎರಡಲ್ಲ, 'ಮಾಡಿದವರು' ಎಂಬ ಪದ. ಮಗಳನ್ನಾಗಿದ್ದರೆ ಹಾಗೆ ಕರೆಯುತ್ತಿರಲಿಲ್ಲ. ಗೊತ್ತಿದ್ದೇ ಬರೆದಿದ್ದಾಳೆ.

"ನನಗೆ ಎರಡು ಹಾಕ್ತಾಳೆ," ಎಂದ ಹೆಂಡತಿಗೆ. "ನಾನು ಬಣ್ಣದ ತೊಟ್ಟಿಗೆ ಕೈ ಹಾಕಿದಾಗ ಅವಳಿನ್ನೂ ಹುಟ್ಟಿರ್ಲಿಲ್ಲ."

ಹೆಂಡತಿ ಹೋಸಿಯತ್ ಕ್ಯಾರೆಟ್ ಹೆಚ್ಚುತ್ತಿದ್ದಳು. "ಬಣ್ಣದ್ದಕ್ಕೆ ಹಾಕಿಲ್ವಲ್ಲ, ಲೆಕ್ಕಕ್ಕೆ ತಾನೆ ಹಾಕಿರೋದು," ಎಂದಳು, ತಲೆಯೆತ್ತದೆ.

ಮರುದಿನ ಬೆಳಿಗ್ಗೆ ಎರ್ಗಾಶ್ ನೋಟ್‌ಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು ಕ್ಷೌರದ ಸತ್ತಾರನ ಅಂಗಡಿಗೆ ಹೋದ. ಸತ್ತಾರ್ ಅವನ ಬಾಲ್ಯದ ಗೆಳೆಯ. ಎರಡು ವರ್ಷ ಪಾಲಿಟೆಕ್ನಿಕ್‌ನಲ್ಲಿ ಓದಿದ್ದನಾದ್ದರಿಂದ ಮೊಹಲ್ಲಾದಲ್ಲಿ ವಿಜ್ಞಾನಕ್ಕೆ ಸಂಬಂಧಿಸಿದ ಸಂಗತಿಗಳೆಲ್ಲ ಅವನ ಕುರ್ಚಿಯ ಹತ್ತಿರ ಇತ್ಯರ್ಥವಾಗುತ್ತಿದ್ದವು. ಎರ್ಗಾಶ್ ಬಂದದ್ದು ಇಪ್ಪತ್ತೆಂಟು ಸರಿ ಎಂದು ಹೇಳಿಸಿಕೊಳ್ಳಲು. ಸತ್ತಾರ್ ಗಿರಾಕಿಯ ಒಂದು ಕೆನ್ನೆ ಬೋಳಿಸಿ ಇನ್ನೊಂದಕ್ಕೆ ನೊರೆ ಹಚ್ಚಿದ್ದವನು ಕತ್ತಿ ಕೆಳಗಿಟ್ಟು ಲೆಕ್ಕ ನೋಡಿದ. ಬಹಳ ಹೊತ್ತು ನೋಡಿ, ಇದು ಗುಣಾಕಾರವೇ ಅಲ್ಲ, ಒಂದರ ಕೈಯಿಂದ ಇನ್ನೊಂದರ ಕೈಗೆ ದಾಟಿಸುವುದು ಎಂದ. ಮೊದಲು ಎಫ್‌ಗೆ ಎರಡು ಕೊಡು, ಏಳು ಬರುತ್ತದೆ. ಆ ಏಳನ್ನು ಜಿಗೆ ಕೊಡು, ಏಳೇಳಲೆ ನಲವತ್ತೊಂಬತ್ತು.

ಎರ್ಗಾಶ್ ಕೆಂಪಾದ. ಅಷ್ಟರಲ್ಲಿ ಸರದಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದ ಉಮ್ಮತ್ ತಾತ ಕೈ ನೀಡಿದರು. ಎಂಬತ್ತು ದಾಟಿದ ತಾತ ಹತ್ತಿಯ ಗೋದಾಮಿನಲ್ಲಿ ತೂಕ ಹಾಕುತ್ತಿದ್ದವರು. ಅಜ್ಜಿಯ ಹತ್ತಿರ ಹಳೆಯ ಅರಬ್ಬಿ ಲಿಪಿ ಕಲಿತವರಾದ್ದರಿಂದ ಏನು ಕೈಗೆ ಕೊಟ್ಟರೂ ಬಲದಿಂದ ಎಡಕ್ಕೇ ಓದುವ ಅಭ್ಯಾಸ. ಅವರು ಬಲತುದಿಯಲ್ಲಿದ್ದ ಎರಡನ್ನು ಹಿಡಿದು ಪಕ್ಕದ ಜಿಗೆ ಕೊಟ್ಟರು, ನಾಲ್ಕಾಯಿತು. ನಾಲ್ಕನ್ನು ಎಫ್‌ಗೆ ಕೊಟ್ಟರು. ಎರಡರಿಂದ ಗುಣಿಸಿದರೆ ಎಂಟು, ಮೂರು ಸೇರಿಸಿದರೆ ಹನ್ನೊಂದು.

"ಹನ್ನೊಂದು ಕಣ್ರಯ್ಯ," ಎಂದರು ತಾತ. "ಇದರಲ್ಲಿ ಜಗಳ ಆಡೋಕೆ ಏನಿದೆ?"

ಏನಿದೆ ಎಂಬುದು ಸಂಜೆಯೊಳಗೆ ಗೊತ್ತಾಯಿತು. ಆ ಅರ್ಧ ಬೋಳಿಸಿದ ಗಿರಾಕಿ ಸಿಟ್ಟಿನಿಂದ ನೊರೆಯೊಂದಿಗೇ ಎದ್ದು ಹೋಗಿ, ದಾರಿಯಲ್ಲಿ ಸಿಕ್ಕವರಿಗೆಲ್ಲ ತನ್ನ ಕೆನ್ನೆಯ ದುರಂತಕ್ಕೆ ಕಾರಣ ವಿವರಿಸಿದ್ದ. ಚಾಯ್‌ಖಾನಾದಲ್ಲಿ ಮೂರು ಪಕ್ಷಗಳಾದವು. ಎಡದಿಂದ ಬಲಕ್ಕೆ ಓದುವ ಸತ್ತಾರನ ಪಕ್ಷದಲ್ಲಿ ಟ್ಯಾಕ್ಸಿ ಓಡಿಸುವವರು, ಮೊಬೈಲ್ ರಿಪೇರಿಯವರು ಇದ್ದರು. ಬಲದಿಂದ ಎಡಕ್ಕೆ ಓದುವ ತಾತನ ಪಕ್ಷದಲ್ಲಿ ಬಿಳಿಗಡ್ಡದವರೆಲ್ಲ ಸೇರಿದರು. ಇಪ್ಪತ್ತೆಂಟರ ಪಕ್ಷದಲ್ಲಿ ಎರ್ಗಾಶ್ ಇದ್ದ. ಹೆಂಡತಿಯ ತಮ್ಮನೂ ಇದ್ದನಾದರೂ ಅವನು ಪಲಾವ್ ಬಂದ ಮೇಲೆ ನಲವತ್ತೊಂಬತ್ತಕ್ಕೆ ಹಾರಿದ. ನೆಂಟರ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಹೋದ ಹೆಂಗಸರು ಪಕ್ಷದ ಪ್ರಕಾರ ಎರಡು ಕೋಣೆಗಳಲ್ಲಿ ಕೂತರು. ಯಾರೋ ಹೆಡ್‌ಮೇಷ್ಟ್ರ ಹತ್ತಿರ ಓಡಿದರು. ಮಿರ್ಜಾವಲಿಯವರು ಮೂಲತಃ ವ್ಯಾಯಾಮದ ಮೇಷ್ಟ್ರು. ಅವರು ಏಳಕ್ಕೆ ನಾಲ್ಕು ಕೂಡಿಸಿ, ಹನ್ನೊಂದು, ಅಷ್ಟೇ ತಾನೆ ಎಂದರು. ದಾರಿ ತಪ್ಪಿ ಸರಿಯಾದ ಮನೆಗೆ ನುಗ್ಗಿದ ಈ ಉತ್ತರವನ್ನು ಬಿಳಿಗಡ್ಡದವರು ಸರಕಾರಿ ಮುದ್ರೆಯಂತೆ ಎತ್ತಿ ಹಿಡಿದರು.

ಎರ್ಗಾಶನಿಗೆ ಮೂರು ರಾತ್ರಿ ನಿದ್ದೆ ಇಲ್ಲ. ಶುಕ್ರವಾರ ಅವನು ಶಾಲೆಗೆ ಹೋಗಲಿಲ್ಲ, ಬರ್ನೊಳನ್ನು ಕೇಳಲಿಲ್ಲ. ನೇರವಾಗಿ ಜಿಲ್ಲಾ ಶಿಕ್ಷಣ ಕಚೇರಿಗೆ ಹೋಗಿ ದೂರು ಬರೆದುಕೊಟ್ಟ. ಬರೆಯುವಾಗ ಅವನ ಸಿಟ್ಟು ಅವನ ವ್ಯಾಕರಣಕ್ಕಿಂತ ಮುಂದೆ ಓಡುತ್ತಿತ್ತು. ಟೀಚರಿಗೆ ಲೆಕ್ಕ ಬರುವುದಿಲ್ಲ, ದೊಡ್ಡವರಿಗೆ ಮರ್ಯಾದೆ ಇಲ್ಲ ಎಂದೆಲ್ಲ ಆದಮೇಲೆ ಕೊನೆಯಲ್ಲಿ, ಈಕೆ ಮಕ್ಕಳಿಗೆ ಎಲ್ಲವನ್ನೂ ಬಲದಿಂದ ಎಡಕ್ಕೆ ಓದುವಂತೆ ಕಲಿಸುತ್ತಿದ್ದಾಳೆ, ಮೊಹಲ್ಲಾದ ಗಡ್ಡದವರೆಲ್ಲ ಈಕೆಯ ಕಡೆ ಸೇರಿದ್ದಾರೆ ಎಂದೂ ಸೇರಿಸಿದ. ಹೆಡ್‌ಮೇಷ್ಟ್ರು ಹೇಳಿದ ಹನ್ನೊಂದೇ ಟೀಚರದ್ದೂ ಎಂದು ಅವನ ಎಣಿಕೆ. ಅವನ ಮಟ್ಟಿಗೆ ಅದು ಹನ್ನೊಂದರ ವಿರುದ್ಧದ ವಾಕ್ಯ, ಅಷ್ಟೇ.

ಆದರೆ ಕಚೇರಿಯಲ್ಲಿ ಆ ವಾಕ್ಯವನ್ನು ಓದಿದವರಿಗೆ ಹನ್ನೊಂದು ಗೊತ್ತಿರಲಿಲ್ಲ. ಟೀಚರು ಶಾಲೆಯಲ್ಲಿ ಕದ್ದು ಧರ್ಮಪಾಠ ನಡೆಸುತ್ತಿದ್ದಾಳೆ ಎಂದು ತಿಳಿದು ಅವರು ಅದರ ಕೆಳಗೆ ಗೆರೆ ಎಳೆದರು. ಮೇಲಿನ ಮಹಡಿಯವರು ಇನ್ನೊಂದು ಗೆರೆ ಎಳೆದರು. ಮೂರನೆಯ ಮಹಡಿ ಮುಟ್ಟುವ ಹೊತ್ತಿಗೆ ಗೆರೆಗಳು ಸೇರಿ ವಾಕ್ಯವೇ ಕಾಣದಂತಾಗಿತ್ತು, ಹಾಗಾಗಿ ಅದು ಇನ್ನಷ್ಟು ಗಂಭೀರವಾಗಿ ಕಂಡಿತು. ಸೋಮವಾರ ಶಾಲೆಗೆ ಆದೇಶ ಬಂತು: ವಿಚಾರಣೆ ಮುಗಿಯುವವರೆಗೆ ಬರ್ನೊ ತರಗತಿಗೆ ಕಾಲಿಡಕೂಡದು. ವಿಚಾರಣೆ ಮುಗಿದ ಮೇಲೆ ಅವಳನ್ನು ಎಲ್ಲೋ ಮರಳುಗಾಡಿನ ಅಂಚಿನ ಶಾಲೆಗೆ ಹಾಕುತ್ತಾರೆ, ಇಲ್ಲವೇ ಎಲ್ಲಿಗೂ ಹಾಕುವುದಿಲ್ಲ ಎಂದು ಜನ ಮಾತಾಡಿಕೊಂಡರು. ಹತ್ತನೆಯ ತರಗತಿಯ ಪರೀಕ್ಷೆಗೆ ಐದು ವಾರ ಇತ್ತು. ಲೆಕ್ಕದ ಪಾಠಕ್ಕೆ ಮಿರ್ಜಾವಲಿಯವರೇ ಬಂದು ಮಕ್ಕಳಿಗೆ ಬಸ್ಕಿ ಹೊಡೆಸಿದರು.

ಆ ದಿನ ನಫೀಸಾ ಮನೆಗೆ ಬಂದು ಚೀಲ ಇಟ್ಟು, ಅಪ್ಪನ ಕಡೆ ಒಂದು ಸಲ ನೋಡಿ ಒಳಗೆ ಹೋದಳು. ಮಾತು ನಿಲ್ಲಿಸಿದಳು. ಅವಳ ಜೊತೆ ಹೋಸಿಯತ್ ಕೂಡ ನಿಲ್ಲಿಸಿದಳು. ಚಹಾ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಎರ್ಗಾಶ್ ಚಹಾ ಆರಿದೆ ಎಂದು ಕೂಗಿದರೆ ಇಬ್ಬರೂ ಬಟ್ಟಲು ಎತ್ತಿಕೊಂಡು ಹೋಗಿ ಬಿಸಿ ಮಾಡಿ ತಂದಿಟ್ಟು ಮತ್ತೆ ಸುಮ್ಮನಾಗುತ್ತಿದ್ದರು. ಎದುರಾಡದ ಮನೆಯಲ್ಲಿ ಸಿಟ್ಟು ಮಾಡುವುದು ಎಷ್ಟು ಕಷ್ಟವೆಂದು ಅವನಿಗೆ ಅಂದೇ ಗೊತ್ತಾದದ್ದು.

ಬುಧವಾರ ಬೆಳಿಗ್ಗೆ ಅವನು ಬರ್ನೊಳನ್ನು ಬಸ್ ನಿಲ್ದಾಣದಲ್ಲಿ ಕಂಡ. ತರಗತಿಗೆ ಹೋಗುವಂತಿಲ್ಲದಿದ್ದರೂ ಹಾಜರಿ ಹಾಕಲು ದಿನವೂ ಬರಬೇಕೆಂದು ಆದೇಶದಲ್ಲಿತ್ತು. ಅವಳು ಕೈಯಲ್ಲಿ ಕಂಪಾಸ್ ಪೆಟ್ಟಿಗೆ ಹಿಡಿದುಕೊಂಡು, ಶಾಲೆಯ ಕಡೆಗೆ ಬೆನ್ನು ಮಾಡಿ ಕಲ್ಲಿನ ಮೇಲೆ ಕೂತಿದ್ದಳು. ಎರ್ಗಾಶನನ್ನು ನೋಡಿ ಎದ್ದು, ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳಿದಳು. ಅವನು ಬೈಯಲೆಂದು ಬಾಯಿ ತೆರೆದವನು ಸಲಾಂ ಹೇಳಿ ಮುಂದೆ ಹೋದ. ಹತ್ತು ಹೆಜ್ಜೆ ಹೋದ ಮೇಲೆ ಸಿಟ್ಟು ಬಂತು. ತಾನು ದೂರು ಕೊಟ್ಟದ್ದು ಎರಡರ ಮೇಲೆ, ಈ ಕಚೇರಿಯವರು ಹುಡುಗಿಯ ಅನ್ನಕ್ಕೇ ಕೈ ಹಾಕಿದ್ದಾರಲ್ಲ ಎಂದು. ಅಲ್ಲಿಂದಲೇ ಬಸ್ ಹತ್ತಿ ಕಚೇರಿಗೆ ಹೋದ.

ದೂರು ವಾಪಸ್ ಕೊಡಿ ಎಂದು ಕಿಟಕಿಯಲ್ಲಿ ಕೇಳಿದ. ಒಳಗೆ ಕೂತಿದ್ದ ಹೆಂಗಸು ಸೂರ್ಯಕಾಂತಿ ಬೀಜ ಸುಲಿಯುತ್ತ ಅವನನ್ನು ಕರುಣೆಯಿಂದ ನೋಡಿದಳು.

"ವಾಪಸ್ ತಗೊಳ್ಳೋಕೆ ಫಾರಂ ಇಲ್ಲ ಅಣ್ಣಾ. ದೂರು ಕೊಡೋಕೆ ಮಾತ್ರ ಫಾರಂ ಇರೋದು."

"ಹಾಗಾದ್ರೆ ನನ್ನ ದೂರಿನ ಮೇಲೇ ದೂರು ಕೊಡ್ತೀನಿ."

"ಅದನ್ನ ಕೊಡಬಹುದು," ಎಂದು ಅವಳು ಫಾರಂ ಕೊಟ್ಟಳು.

ಯಾರ ವಿರುದ್ಧ ಎಂಬಲ್ಲಿ ಎರ್ಗಾಶ್, ಬರ್ನೊ ಟೀಚರ್ ವಿರುದ್ಧ ಎರ್ಗಾಶ್ ಎಂಬವನು ಕೊಟ್ಟ ದೂರಿನ ವಿರುದ್ಧ ಎಂದು ಬರೆಯತೊಡಗಿದ. ಆದರೆ ಸರಕಾರಿ ಚೌಕ ಚಿಕ್ಕದು, ಅವನ ಅಕ್ಷರ ದಪ್ಪ. ಬರ್ನೊ ಟೀಚರ್ ವಿರುದ್ಧ ಎನ್ನುವಷ್ಟರಲ್ಲಿ ಚೌಕ ಮುಗಿದು, ಉಳಿದದ್ದು ಅಂಚಿನ ಆಚೆ ಹೋಯಿತು. ಅಂಚಿನ ಆಚೆ ಇರುವುದನ್ನು ಕಚೇರಿ ಓದುವುದಿಲ್ಲ. ಹೀಗೆ ಒಂದೇ ವಾರದಲ್ಲಿ ಬರ್ನೊಳ ಮೇಲೆ ಎರಡನೆಯ ದೂರು ದಾಖಲಾಯಿತು. ಎರಡೂ ಒಬ್ಬನೇ ತಂದೆಯಿಂದ, ಅಂದರೆ ಆತ ಎಷ್ಟು ನೊಂದಿರಬೇಕು ಎಂದು ಮೂರನೆಯ ಮಹಡಿ ಮರುಗಿ, ಮರುವಾರ ಗುರುವಾರಕ್ಕೆ ಇನ್‌ಸ್ಪೆಕ್ಟರ್ ಕಾಮಿಲೊವ್ ಖುದ್ದಾಗಿ ಬರುತ್ತಾರೆಂದು ತಿಳಿಸಿತು.

ಆ ಸುದ್ದಿ ಬಂದಾಗ ಎರ್ಗಾಶ್ ಕಾರ್ಖಾನೆಯ ಅಂಗಳದಲ್ಲಿ ಕೆಂಪು ಬಣ್ಣದ ತೊಟ್ಟಿಯ ಮುಂದೆ ನಿಂತಿದ್ದ. ಅವನ ಕೈಯಲ್ಲಿ ನೇಯುವ ಮೊದಲಿನ ಬಿಳಿ ರೇಷ್ಮೆ ಎಳೆಗಳ ಒಂದು ಕಟ್ಟು ಇತ್ತು. ಗುರುತು ಹಾಕಿದ ಜಾಗಗಳಲ್ಲಿ ಮೊದಲು ಪಟ್ಟಿ ಸುತ್ತಿ ಬಿಗಿಯಾಗಿ ಕಟ್ಟಬೇಕು, ಆಮೇಲೆ ತೊಟ್ಟಿಗೆ ಅದ್ದಬೇಕು. ಕಟ್ಟಿದ ಜಾಗಕ್ಕೆ ಬಣ್ಣ ಹತ್ತದೆ ಹೂವು ಮೂಡುತ್ತದೆ. ಮೂವತ್ತು ವರ್ಷದಿಂದ ಕಣ್ಣು ಮುಚ್ಚಿ ಮಾಡಿದ ಕೆಲಸ. ಅಂದು ಕಾಮಿಲೊವನನ್ನೂ ಕಚೇರಿಯ ಚೌಕವನ್ನೂ ಬೈಯುತ್ತ ಕಟ್ಟನ್ನು ಹಾಗೆಯೇ ತೊಟ್ಟಿಗೆ ಮುಳುಗಿಸಿದ, ಮೇಲೆತ್ತಿ ಒಣಗಿಸಿದ, ಆಮೇಲೆ ನೆನಪಾಗಿ ಸಿಟ್ಟಿನಿಂದ ಎಲ್ಲ ಕಡೆ ಪಟ್ಟಿ ಸುತ್ತಿದ. ಬಿಚ್ಚಿ ನೋಡಿದರೆ ಈ ತುದಿಯಿಂದ ಆ ತುದಿಗೆ ಕೆಂಪೇ ಕೆಂಪು. ಕಟ್ಟಿದ್ದೂ ಆಗಿತ್ತು, ಅದ್ದಿದ್ದೂ ಆಗಿತ್ತು. ಹೂವು ಮಾತ್ರ ಇರಲಿಲ್ಲ.

ಎರ್ಗಾಶ್ ಅದನ್ನು ಹಗ್ಗದ ಮೇಲೆ ಹಾಕಿ ಬಹಳ ಹೊತ್ತು ನೋಡಿದ. ಕೈ ತೊಳೆದು ಮನೆಗೆ ಹೋಗಿ, ಯಾರೂ ಇಲ್ಲದ ಹೊತ್ತಿನಲ್ಲಿ ಮಗಳ ಪುಸ್ತಕ ತೆಗೆದು, ಕೆಂಪು ಶಾಯಿಯಲ್ಲಿ ಅಪ್ಪಣೆಯಾದಂತೆ ಅಧ್ಯಾಯವನ್ನು ಮೊದಲಿನಿಂದ ಓದಿದ. ಮೂರು ಸಲ ಓದಿದ. ಮೊದಲ ಪುಟದಲ್ಲೇ, ಕಪ್ಪು ಚೌಕದೊಳಗೆ, ಸಂಖ್ಯೆಗೆ ಹತ್ತಿರವಿರುವ ಫಲನ ಮೊದಲು ಎಂದು ಅಚ್ಚಾಗಿತ್ತು. ಅಲ್ಲಿದ್ದ ಸೊನ್ನೆಯನ್ನು ಅವನೇ ಪೆನ್ನಿನಿಂದ ಮುಚ್ಚಿದ್ದ. ಉತ್ತರ ಹನ್ನೊಂದು. ಇಷ್ಟು ದೊಡ್ಡ ಮಾತನ್ನು ಇಷ್ಟು ಸಣ್ಣ ಅಕ್ಷರದಲ್ಲಿ ಹಾಕಿದ್ದಾರಲ್ಲ ಎಂದು ಅವನಿಗೆ ಪುಸ್ತಕದವರ ಮೇಲೆ ಬಂದ ಸಿಟ್ಟು ಹೇಳತೀರದು.

ಗುರುವಾರ ವಿಚಾರಣೆ ಮೊಹಲ್ಲಾ ಸಮಿತಿಯ ಕೋಣೆಯಲ್ಲಿ ನಡೆಯಿತು. ಜಮಖಾನ ಹಾಸಿದ್ದರಿಂದ ಎಲ್ಲರೂ ಪಾದರಕ್ಷೆ ಬಾಗಿಲಲ್ಲಿ ಬಿಟ್ಟಿದ್ದರು. ಒಂದು ಗೋಡೆಗೆ ಸತ್ತಾರನ ಪಕ್ಷ, ಎದುರಿಗೆ ಬಿಳಿಗಡ್ಡದವರು, ಬಾಗಿಲ ಹತ್ತಿರ ಬರ್ನೊ. ನಡುವೆ ಮಿರ್ಜಾವಲಿ ಮತ್ತು ಕಾಮಿಲೊವ್. ಕಾಮಿಲೊವ್ ಸಣಕಲು ಮನುಷ್ಯ, ತಗ್ಗಿದ ದನಿ. ಆ ಕೋಣೆಯಲ್ಲಿ ಸಿಟ್ಟಿಲ್ಲದವನೆಂದರೆ ಅವನೊಬ್ಬನೇ, ಅದರಿಂದ ಎಲ್ಲರಿಗೂ ಹೆದರಿಕೆಯಾಗಿತ್ತು. ಅವನು ಎರಡೂ ದೂರುಗಳನ್ನು ಮೆಲ್ಲಗೆ ಓದಿ, ಮಕ್ಕಳಿಗೆ ಬಲದಿಂದ ಎಡಕ್ಕೆ ಓದಲು ಕಲಿಸಿದ್ದು ನಿಜವೇ ಎಂದು ಬರ್ನೊಳನ್ನು ಕೇಳಿದ. ಆ ಚಿಹ್ನೆಯನ್ನು ಹಾಗೆಯೇ ಓದಬೇಕು ಎಂದಳು ಅವಳು. ಕಾಮಿಲೊವ್ ಅದನ್ನು ಬರೆದುಕೊಂಡ. ಯಾರು ಹೇಳಿಕೊಟ್ಟದ್ದು ಎಂದು ಕೇಳಿದ. ಪುಸ್ತಕದಲ್ಲಿದೆ ಎಂದಳು. ಯಾವ ಪುಸ್ತಕ ಎಂದು ಕೇಳಿ ಅವನು ಇನ್ನೂ ಮೆಲ್ಲಗೆ ಬರೆದುಕೊಳ್ಳತೊಡಗಿದ. ಬಿಳಿಗಡ್ಡದವರು ಒಬ್ಬರ ಹಿಂದೊಬ್ಬರು ಸರಿದು ಕೂತರು.

ಎರ್ಗಾಶ್ ಎದ್ದ.

"ನಿಲ್ಲಿಸ್ರಿ ಬರೆಯೋದನ್ನ. ಫೇಲಾದೋನು ನಾನು. ಹತ್ತು ಲೆಕ್ಕ ಮಾಡಿದ್ದು ನಾನು, ಹತ್ತೂ ತಪ್ಪು. ಆಯಮ್ಮ ಎರಡು ಹಾಕಿದ್ದು ಜಾಸ್ತೀನೇ ಆಯ್ತು."

ಎರ್ಗಾಶ್ ತಪ್ಪೊಪ್ಪಿಕೊಂಡದ್ದನ್ನು ಆ ಮೊಹಲ್ಲಾದಲ್ಲಿ ಬದುಕಿದ್ದ ಯಾರೂ ಕಂಡಿರಲಿಲ್ಲ. ಒಪ್ಪಿಕೊಳ್ಳುವಾಗಲೂ ಅವನು ಬೈಯುವ ದನಿಯಲ್ಲೇ ಹೇಳಿದ್ದರಿಂದ ಯಾರನ್ನು ಬೈದನೆಂದು ಜನ ಅತ್ತಿತ್ತ ನೋಡಿದರು.

ಕಾಮಿಲೊವ್ ಅದೇ ತಗ್ಗಿದ ದನಿಯಲ್ಲಿ, ಲೆಕ್ಕ ತಮ್ಮ ವಿಷಯವಲ್ಲ, ಬಲ ಎಡ ಮಾತ್ರ ತಮ್ಮ ವಿಷಯ, ಎಲ್ಲಿಂದ ಶುರುಮಾಡಿದರೇನು, ಎರಡೂ ಕೆಲಸ ಆದರಾಯಿತಲ್ಲ ಎಂದ. ಆ ಮಾತಿಗೆ ಎರ್ಗಾಶನ ಕಿವಿ ಕೆಂಪಾಯಿತು. ಅವನು ಬಾಗಿಲಿಗೆ ಹೋಗಿ ಉಮ್ಮತ್ ತಾತ ಬೀದಿಯಲ್ಲಿ ಬೂಟಿನ ಮೇಲೆ ಹಾಕುವ ರಬ್ಬರ್ ಗಲೋಶು ಎತ್ತಿಕೊಂಡ. ತಾತನ ಮುಂದೆ ಕೂತು, ಅವರ ಕಾಲಿನಿಂದ, ಜಮಖಾನದ ಮೇಲೂ ತೆಗೆಯದ ಮೆತ್ತನೆಯ ತೊಗಲಿನ ಮಹ್ಸಿ ಬೂಟು ಎಳೆದುಕೊಂಡ. ತಾತ ಏನೋ ಹೇಳುವಷ್ಟರಲ್ಲಿ ಕಾಮಿಲೊವನ ಕಾಲು ಅವನ ಕೈಯಲ್ಲಿತ್ತು.

"ಎರಡೂ ಆದರಾಯ್ತು ಅಂದ್ರಲ್ಲ. ನೋಡೋಣ," ಎಂದು ಗಲೋಶನ್ನು ಇನ್‌ಸ್ಪೆಕ್ಟರರ ಸಾಕ್ಸಿನ ಮೇಲೆ ಹಾಕಿ, ಅದರ ಮೇಲೆ ಮಹ್ಸಿಯನ್ನು ಏರಿಸಲು ಶುರುಮಾಡಿದ. ತಾತನ ಪಾದ ದೊಡ್ಡದು, ಕಾಮಿಲೊವನದು ಚಿಕ್ಕದು. ಎರ್ಗಾಶನ ತೋಳು ಮೂವತ್ತು ವರ್ಷ ನೆನೆದ ರೇಷ್ಮೆ ಹಿಂಡಿದ ತೋಳು. ಮಹ್ಸಿ ಕಿರುಗುಟ್ಟುತ್ತ ಹಿಮ್ಮಡಿಯವರೆಗೆ ಬಂತು, ಅಲ್ಲಿ ಒಂದು ಹೊಲಿಗೆ ಬಿಟ್ಟುಕೊಂಡು ಗಟ್ಟಿಯಾಗಿ ಕೂತಿತು. ತಾತ ನರಳಿದರು. ಹಬ್ಬಕ್ಕೆ ಮೊಮ್ಮಗ ತಂದುಕೊಟ್ಟ ಜೋಡಿ ಅದು.

"ಬೂಟೂ ಹಾಕಿದೀನಿ, ಗಲೋಶೂ ಹಾಕಿದೀನಿ," ಎಂದ ಎರ್ಗಾಶ್. "ಎರಡೂ ಆಯ್ತು. ಎದ್ದು ಬೀದೀಲಿ ನಡೀರಿ ನೋಡೋಣ."

ಕಾಮಿಲೊವ್ ಏಳಲು ನೋಡಿ ಒಂದು ಹೆಜ್ಜೆ ಕುಂಟಿ ಮಿರ್ಜಾವಲಿಯವರ ಹೆಗಲು ಹಿಡಿದುಕೊಂಡ. ಕೂತು ಬಿಚ್ಚಲು ಹೊರಟ. ಮಹ್ಸಿಯ ಒಳಗೆ ಬೆರಳು ತೂರಿಸಿ ಗಲೋಶಿನ ಅಂಚು ಹಿಡಿದು ಎಳೆದ. ಬರಲಿಲ್ಲ. ಹೆಡ್‌ಮೇಷ್ಟ್ರು ವ್ಯಾಯಾಮದ ಅನುಭವ ಬಳಸಿ ಅವನನ್ನು ಹಿಂದಿನಿಂದ ಅಪ್ಪಿ ಹಿಡಿದರು. ಸತ್ತಾರ್ ಗಲೋಶಿಗೆ ಕೈ ಹಾಕಿ ಎಳೆದ. ಮೂವರೂ ಜಮಖಾನದ ಮೇಲೆ ಎರಡು ಗಜ ಜಾರಿದರು. ಗಲೋಶು ಇದ್ದಲ್ಲೇ ಇತ್ತು.

"ಕೊನೇಲಿ ಹಾಕಿದ್ದು ಮೊದಲು ಬರಬೇಕು ಸರ್," ಎಂದಳು ಬರ್ನೊ ಬಾಗಿಲ ಹತ್ತಿರದಿಂದ. "ಅದು ಮುಂದಿನ ಅಧ್ಯಾಯ."

ಆಗ ಕಾಮಿಲೊವನಿಗೆ ಸಿಟ್ಟು ಬಂತು. ಅವನ ದನಿ ಮೊದಲ ಸಲ ಮೇಲೇರಿತು. ಹುಬ್ಬು ಕುಣಿಯಿತು. ಈ ಮೊಹಲ್ಲಾದವರಿಗೆಲ್ಲ ತಲೆ ಕೆಟ್ಟಿದೆ ಎಂದು ಕೂಗಿದ. ಅದನ್ನು ಕೇಳಿ ಕೋಣೆಯಲ್ಲಿದ್ದವರಿಗೆ ಎಷ್ಟೋ ಸಮಾಧಾನವಾಯಿತು. ಕೂಗುವ ಮನುಷ್ಯನೊಂದಿಗೆ ಹೇಗೆ ಬಾಳುವುದೆಂದು ಅವರಿಗೆ ಗೊತ್ತಿತ್ತು. ಯಾರೋ ಚಹಾ ಬಗ್ಗಿಸಿಕೊಟ್ಟರು, ಯಾರೋ ಬೆನ್ನಿಗೆ ದಿಂಬು ಕೊಟ್ಟರು. ಬರ್ನೊ ಬಂದು ಮೊದಲು ಮಹ್ಸಿ ಬಿಡಿಸಿದಳು, ಆಮೇಲೆ ಗಲೋಶು ತಾನಾಗಿ ಕಳಚಿ ಬಿತ್ತು. ಅದೇ ಗಲೋಶನ್ನು ಅವನ ಮುಂದಿಟ್ಟು ಅವಳು ಬಿಡಿಸಿ ಹೇಳಿದಳು. ಕಾಲಿಗೆ ಹತ್ತಿರವಾದದ್ದು ಮಹ್ಸಿ, ಅದು ಮೊದಲು. ಸಂಖ್ಯೆಗೆ ಹತ್ತಿರವಾದದ್ದು ಜಿ, ಅದು ಮೊದಲು. ಸಂಖ್ಯೆಯನ್ನು ಬಲಗಡೆ ಬರೆಯುತ್ತಾರೆ, ಹಾಗಾಗಿ ಬಲದಿಂದ. ಇದರಲ್ಲಿ ಗಡ್ಡದ ಮಾತು ಎಲ್ಲಿಯೂ ಇಲ್ಲ.

ಕಾಮಿಲೊವ್ ಹಿಮ್ಮಡಿ ನೀವಿಕೊಳ್ಳುತ್ತ ಕೇಳಿಸಿಕೊಂಡ. ಬರೆದುಕೊಂಡದ್ದನ್ನು ಹರಿದು ಜೇಬಿಗೆ ತುರುಕಿ ಹೊಸ ಹಾಳೆಯಲ್ಲಿ, ಪಾಠ ಪುಸ್ತಕಕ್ಕೆ ಅನುಸಾರವಾಗಿದೆ, ಶಿಕ್ಷಕಿ ನಾಳೆಯಿಂದ ತರಗತಿಗೆ ಹೋಗತಕ್ಕದ್ದು ಎಂದು ಬರೆದು ಸಹಿ ಹಾಕಿದ. ದೂರುದಾರರ ಮನೋಧರ್ಮದ ಬಗ್ಗೆ ಮೂರು ಸಾಲು ಬೇರೆ ಸೇರಿಸಿದ. ಅದನ್ನು ಇಲ್ಲಿ ಹೇಳುವುದು ಬೇಡ.

ಜನ ಚದುರಿದರು. ಎರ್ಗಾಶ್ ಅಂಗಳದ ಉಪ್ಪುನೇರಳೆ ಮರದ ಕೆಳಗೆ ಎದೆ ಉಬ್ಬಿಸಿ ನಿಂತಿದ್ದ. ಬರ್ನೊ ಹೊರಗೆ ಬಂದಾಗ, ಅಣ್ಣಾ ನಿಮ್ಮಿಂದ ಉಪಕಾರವಾಯಿತು ಎಂದಾಳು, ಆಗ ತಾನು ಪರವಾಗಿಲ್ಲ ಬಿಡಮ್ಮ ಎನ್ನಬೇಕು ಎಂದು ಆ ಮಾತನ್ನು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದ. ಬರ್ನೊ ನೇರವಾಗಿ ಬಂದು ಎದುರಿಗೆ ನಿಂತಳು. ಸಿಟ್ಟನ್ನು ಎರಡು ವಾರ ತಡೆದುಕೊಂಡಿದ್ದಳು.

"ಎರ್ಗಾಶಣ್ಣ, ಒಂದು ಮಾತು ಕೇಳ್ತೀನಿ. ನೀವು ಕ್ಷೌರದಂಗಡೀಲಿ ಕೇಳಿದ್ರಿ, ಚಾಯ್‌ಖಾನಾದಲ್ಲಿ ಕೇಳಿದ್ರಿ, ಜಿಲ್ಲಾ ಕಚೇರೀಲಿ ಕೇಳಿದ್ರಿ. ನಫೀಸಾನ ಕೇಳಿದ್ರಾ?"

ಎರ್ಗಾಶ್ ಮನೆಯ ದಿಕ್ಕಿಗೆ ನೋಡಿದ.

"ಆ ಮಂಗಳವಾರ ನಿಮ್ಮ ನೋಟ್‌ಬುಕ್ಕಿಗೆ ಎರಡು ಹಾಕಿದೆ. ಅದೇ ಗಂಟೇಲಿ ಅವಳು ಬೋರ್ಡ್ ಹತ್ರ ಬಂದು ಹತ್ತು ಲೆಕ್ಕಾನೂ ಮಾಡಿ ಐದು ತಗೊಂಡಳು. ಮನೇಲಿ ಯಾಕಮ್ಮ ಹೀಗೆ ಅಂತ ಕೇಳಿದೆ. ಪೆನ್ನು ನನ್ನ ಕೈಲಿರಲಿಲ್ಲ ಟೀಚರ್ ಅಂದಳು. ಇಡೀ ಮೊಹಲ್ಲಾ ಹೊಡೆದಾಡ್ತು. ಹನ್ನೊಂದು ಅಂತ ಗೊತ್ತಿದ್ದ ಹುಡುಗಿ ನಿಮ್ಮ ಮನೇಲೇ ಕೂತಿದ್ದಳು. ಒಬ್ಬರೂ ಅವಳ ಕಡೆ ತಿರುಗಿ ನೋಡಲಿಲ್ಲ."

ಅಷ್ಟು ಹೇಳಿ ಅವಳು ಸಲಾಂ ಹೇಳದೆಯೇ ಹೋದಳು. ಪರವಾಗಿಲ್ಲ ಬಿಡಮ್ಮ ಎಂಬ ಮಾತನ್ನು ಹೊತ್ತುಕೊಂಡೇ ಎರ್ಗಾಶ್ ಮನೆ ಕಡೆ ನಡೆದ.

ಅವನು ಮನೆಗೆ ಬಂದಾಗ ನಫೀಸಾ ಜಗಲಿಯ ಮೇಲೆ ಕೂತು ಓದುತ್ತಿದ್ದಳು. ಎರ್ಗಾಶ್ ಅವಳ ಪಕ್ಕದಲ್ಲಿ ಕೂತ. ಕೆಮ್ಮಿದ. ಟೊಪ್ಪಿಗೆ ತೆಗೆದು ಮಂಡಿಯ ಮೇಲಿಟ್ಟು, ಮತ್ತೆ ತಲೆಗೆ ಹಾಕಿಕೊಂಡ. ಆ ಇನ್ನೊಂದು ಅಧ್ಯಾಯ, ಕೊನೆಯಲ್ಲಿ ಹಾಕಿದ್ದು ಮೊದಲು ತೆಗೆಯುವುದು, ಅದು ಹೇಗೆ ಎಂದು ಕೇಳಿದ. ನಫೀಸಾ ತಲೆಯೆತ್ತಿ ಅಪ್ಪನನ್ನು ನೋಡಿದಳು. ಮುಖದಲ್ಲಿ ಸಿಟ್ಟು ಹುಡುಕಿದಳು. ಆಮೇಲೆ ಪೆನ್ನು ತನ್ನ ಕೈಯಲ್ಲೇ ಇಟ್ಟುಕೊಂಡು ಹೇಳತೊಡಗಿದಳು. ಹೇಳಿ, ಒಂದು ಲೆಕ್ಕ ಕೊಟ್ಟಳು.

ಅವನು ಮಾಡಿದ. "ತಪ್ಪು," ಎಂದಳು. ಇನ್ನೊಂದು ಸಲ ಮಾಡಿದ. "ಮೂರು ಕಳೀದೇ ಎರಡರಿಂದ ಭಾಗಿಸಿದ್ರೆ ಹೇಗಪ್ಪಾ? ಕೊನೇಲಿ ಸೇರಿಸಿದ್ದು ಏನು? ಮೂರು ತಾನೆ? ಹಾಗಾದ್ರೆ ಮೊದಲು ಯಾವುದು ಹೋಗಬೇಕು?" ಎಂದು ಕೇಳುವಾಗ ಹದಿನಾರು ವರ್ಷದ ನಫೀಸಾಳ ದನಿ ಏರಿತು. ಅದು ಅವಳ ಅಪ್ಪನದೇ ದನಿ, ಇಷ್ಟು ದಿನ ಒಳಗಿದ್ದದ್ದು ಈಗ ಹೊರಗೆ ಬಂದಿತ್ತು. ಎರ್ಗಾಶನ ಕಿವಿ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಅವನು ತುಟಿ ಕಚ್ಚಿಕೊಂಡು ಮೂರನ್ನು ಕಳೆದ.

ಹಾಗೆ ಅರ್ಧ ಗಂಟೆ ನಡೆಯಿತು. ಹೊರಗೆ ಬೀದಿಯಲ್ಲಿ ಜನ ಒಬ್ಬೊಬ್ಬರಾಗಿ ನಿಂತರು. ಎರ್ಗಾಶನ ಮನೆಯಿಂದ ಕೂಗು ಕೇಳುತ್ತಿತ್ತು, ಆದರೆ ಕೂಗು ಅವನದಲ್ಲ. ಇಂಥದ್ದು ಹಿಂದೆ ಆಗಿರಲಿಲ್ಲ. ಕೊನೆಗೆ ಸತ್ತಾರ್ ಬಾಗಿಲು ತಟ್ಟಿ, ಎರ್ಗಾಶನಿಗೆ ಏನಾದರೂ ಆಗಿದೆಯಾ, ಡಾಕ್ಟರನ್ನು ಕರೆಯಲಾ ಎಂದು ಕೇಳಿದ. ಹೋಸಿಯತ್ ಬಾಗಿಲನ್ನು ಒಂದು ಗೇಣು ತೆರೆದಳು.

"ಚೆನ್ನಾಗಿದಾರೆ," ಎಂದಳು. "ಮೆತ್ತಗೆ ಮಾತಾಡಿ. ಓದ್ತಾ ಇದಾರೆ."